ಅಜ್ಜನ ಪಂಚೆ ಏರಿದ ಹುಂಜ

ಎಪ್ಪತ್ತರ ದಶಕದ ನಮ್ಮ ಬೇಸಿಗೆ ರಜೆ ಹೆಚ್ಚಾಗಿ ಹಲಸಿನ ಹಪ್ಪಳದ ಚಾಪೆಯಿಂದ ಕಾಗೆ ಓಡಿಸುವುದರಲ್ಲೇ ಮುಗಿಯುತ್ತಿತ್ತು. ನಿಮ್ಮಲ್ಲೂ ಹಾಗೆಯೇ ಇದ್ದೀತು. ಹಪ್ಪಳದ ಹಿಟ್ಟು ಕದ್ದು ತಿಂದು ಹೊಟ್ಟೆ ಕೆಡಿಸಿಕೊಳ್ಳುವುದು ಬಿಟ್ಟರೆ ನಮಗೆ ಬೇರೆ ಘನಕಾರ್ಯ ಇರಲಿಲ್ಲ. ಒಂದು ವರ್ಷ ಮಾತ್ರ, ಇಚಿಲಂಪಾಡಿಯ ಅಜ್ಜನ ಮನೆಯಲ್ಲಿ, ನಾವು ಮಕ್ಕಳೆಲ್ಲ ಸೇರಿ ಪ್ರಿಂಟಿಂಗ್ ಪ್ರೆಸ್ಸೇ ಆಗಿಬಿಟ್ಟಿದ್ದೆವು.

ಅಮ್ಮನ ತಂಗಿ ವಸಂತಿ ಚಿಕ್ಕಮ್ಮ ಮಂಗಳೂರಿನಲ್ಲಿ ಚಿತ್ರಕಲೆ ಕಲಿಯುತ್ತಿದ್ದಳು. ಕೊನೆಯ ವರ್ಷವೊಂದು ಬಾಕಿ ಇತ್ತು. ಅಜ್ಜ, "ಚಿತ್ರ ಬಿಡಿಸಿದ್ದು ಸಾಕು. ಜೂನಿನಿಂದ ಪುತ್ತೂರಿಗೆ ಟೈಪಿಂಗ್ ಕಲಿಯಲಿಕ್ಕೆ ಹೋಗು" ಎಂದುಬಿಟ್ಟರು. ಚಿಕ್ಕಮ್ಮ ಅಟ್ಟದಿಂದ ಹಲಸಿನ ಹಳೆಯ ಮಣೆಯೊಂದನ್ನು ಇಳಿಸಿದಳು. ಮುರಿದ ಕೊಡೆಯ ಕಡ್ಡಿಯನ್ನು ಕಲ್ಲಿಗೆ ಮಸೆದು ಉಳಿ ಮಾಡಿಕೊಂಡು, ಮುಖ ಊದಿಸಿಕೊಂಡೇ ಜಗಲಿಯಲ್ಲಿ ಕೆತ್ತಲು ಕೂತಳು.

ಕೆತ್ತಿದ್ದು ನಮ್ಮ ಮನೆಯ ಹುಂಜವನ್ನು. ಅಬ್ಬಾ, ಎಂಥ ಪೋಕರಿ ಅದು! ಊರಿನ ಅರ್ಧ ಜನರ ಕಾಲಿಗೆ ಕುಕ್ಕಿತ್ತು. ಅಂಚೆಯವನಂತೂ ಅಂಗಳಕ್ಕೆ ಕಾಲಿಡದೆ ದೂರದಿಂದಲೇ ಕೂಗುತ್ತಿದ್ದ. ಜಗಳದಲ್ಲಿ ಅದರ ಜುಟ್ಟಿನ ತುದಿ ಹರಿದುಹೋಗಿತ್ತು. ಅಜ್ಜನಿಗೆ ಮಾತ್ರ ಅದು ಮುದ್ದು.

ಚಿಮಿಣಿ ದೀಪದ ಮಸಿಗೆ ಅಗಸೆ ಎಣ್ಣೆ ಹಾಕಿ ಅರೆದರೆ ಬಣ್ಣ ತಯಾರು. "ಎಂತ ನಾತ ಇದು! ನನ್ನ ಹಪ್ಪಳಕ್ಕೂ ಹಿಡಿದರೆ ಯಾರು ತಿನ್ನುದು?" ಎಂದು ಅಜ್ಜಿ ಗೊಣಗುತ್ತಿದ್ದರು. ಚಿಕ್ಕಮ್ಮ ಬಟ್ಟೆಯುಂಡೆಯಿಂದ ಮಣೆಗೆ ಬಣ್ಣ ತಟ್ಟಿ, ಒದ್ದೆ ಕಾಗದ ಹಾಸಿ, ಅದರ ಮೇಲೆ ಕಂಬಳಿ ಮಡಚಿಟ್ಟು, "ಹ್ಞೂಂ, ಕೂತ್ಕೊಳ್ಳಿ" ಎನ್ನುತ್ತಿದ್ದಳು. ಒಬ್ಬೊಬ್ಬರಾಗಿ ಕೂತು ಒತ್ತಬೇಕು. ಮಾವನ ಮಗ ಸುಧಾಕರ ದಡಿಯ, ಅವನಿಗೆ ಎಲ್ಲಿಲ್ಲದ ಬೆಲೆ. ನನಗೆ ಸಿಕ್ಕಿದ್ದು, "ನೀನು ಕೂತರೆ ಪುಕ್ಕವೂ ಮೂಡುದಿಲ್ಲ. ಎರಡು ದೋಸೆ ಜಾಸ್ತಿ ತಿಂದು ಬಾ ಮಾರಾಯ್ತಿ" ಎಂಬ ಮಾತು. ಹೊಟ್ಟೆಯುರಿಯಿಂದ ನಾನು ನಿಜಕ್ಕೂ ದೋಸೆ ತಿಂದೆ.

ಒಂದು ಮಧ್ಯಾಹ್ನ ಚಿಕ್ಕಮ್ಮ ಮಣೆಗೆ ಬಣ್ಣ ತಟ್ಟಿಟ್ಟು ಕಾಗದ ತರಲು ಒಳಗೆ ಹೋದಳು. ನಾವೂ ಬಾಲದಂತೆ ಹಿಂದೆ ಹೋದೆವು. ಅಷ್ಟರಲ್ಲಿ ನೆಲ್ಯಾಡಿಗೆ ಹೊರಟಿದ್ದ ಅಜ್ಜ ಬಿಸಿಲಿನಿಂದ ಜಗಲಿಗೆ ಬಂದರು. ನೆರಳಿನಲ್ಲಿದ್ದ ಮಣೆ ಕಂಡು ಕೂತು, ಅಜ್ಜಿ ಕೊಟ್ಟ ಮಜ್ಜಿಗೆ ಗಟಗಟ ಕುಡಿದು, ಬಸ್ಸು ತಪ್ಪೀತೆಂದು ಎದ್ದು ಹೊರಟೇಬಿಟ್ಟರು.

ಚಿಕ್ಕಮ್ಮ ಬಂದು ನೋಡಿದರೆ ಮಣೆಯ ಬಣ್ಣ ಎದ್ದುಹೋಗಿದೆ!

"ಅಯ್ಯೋ ದೇವರೇ! ಅಪ್ಪ ಕೂತದ್ದಾ ಇಲ್ಲಿ?"

ಗುಡ್ಡ ಹತ್ತಿ ಓಡಿದೆವು. ಬಸ್ಸು ಧೂಳೆಬ್ಬಿಸಿ ಹೋಗಿಯಾಗಿತ್ತು. "ಇನ್ನು ಪೂರಾ ಮುಗಿಯಿತು ನನ್ನ ಓದು" ಎಂದು ಚಿಕ್ಕಮ್ಮ ದಾರಿಯಲ್ಲೇ ಕುಸಿದು ಕೂತಳು. ಸುಧಾಕರನಿಗೆ ನಗು ತಡೆಯಲಾಗಲಿಲ್ಲ. ಅವನ ಬೆನ್ನಿಗೊಂದು ಗುದ್ದು ಬಿತ್ತು.

ಸಂಜೆ ಅಜ್ಜ ಬಂದಾಗ ಹೆಗಲ ಶಾಲು ಸೊಂಟಕ್ಕೆ ಇಳಿದಿತ್ತು. ನಾವು ಬಾಗಿಲ ಸಂದಿಯಿಂದ ಇಣುಕುತ್ತಿದ್ದೆವು.

"ವಸಂತೀ! ಇಲ್ಲಿ ಬಾ!"

ಚಿಕ್ಕಮ್ಮ ತಲೆ ತಗ್ಗಿಸಿಕೊಂಡು ಹೋಗಿ ನಿಂತಳು.

"ಬಸ್ಸಿನಲ್ಲಿ ಆ ಕಂಡಕ್ಟರ್ ಎಂತ ಕೇಳಿದ ಗೊತ್ತುಂಟಾ? 'ರೈಗಳೇ, ನಿಮಗಾಯ್ತು, ನಿಮ್ಮ ಹುಂಜಕ್ಕೆ ಟಿಕೆಟ್ ಬೇಡವಾ?'"

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡರು.

"ಹುಂಜ ಸರಿ, ನಮ್ಮದೇ ಅಂತ ಹೇಗೆ ಗೊತ್ತಾಯ್ತು ಅಂತ ಕೇಳಿದೆ. ಜುಟ್ಟು ನೋಡಿದರೆ ಗೊತ್ತಾಗುದಿಲ್ವಾ, ಕುಕ್ಕಿಸಿಕೊಂಡವನು ನಾನು ಅಂದ! ಹಿಂದೆ ಕೂತವರೂ ಹೌದು ಹೌದು, ಅದೇ, ನನಗೂ ಕುಕ್ಕಿದೆ ಅಂದರು. ಇಡೀ ಬಸ್ಸೇ ನನ್ನ ಹಿಂದೆ ನೋಡುದು!" ಅಜ್ಜ ಶಾಲು ಬಿಚ್ಚಿದರು. ಬಿಳಿ ಪಂಚೆಯ ಮೇಲೆ ನಮ್ಮ ಹುಂಜ ಜುಟ್ಟು, ಪುಕ್ಕ, ಪೊಗರು ಸಮೇತ ನಿಂತಿತ್ತು. ಕತ್ತು ತಿರುಗಿಸಿ ಅದನ್ನು ನೋಡಲು ಹೆಣಗುತ್ತ ಅವರೇ ಮೊದಲು ನಕ್ಕರು.

ಆಮೇಲೆ ಕೇಳಿದರು, "ಇನ್ನು ಒಂದು ವರ್ಷ ಅಲ್ವಾ? ಹೋಗಿ ಮುಗಿಸು."

ಚಿಕ್ಕಮ್ಮನಿಗೆ ಅಳು, ನಗು ಎರಡೂ ಒಟ್ಟಿಗೇ ಬಂತು. ನಮಗಂತೂ ಆ ರಾತ್ರಿ ಹಪ್ಪಳ ಎಷ್ಟು ಕೇಳಿದರೂ ಸಿಕ್ಕಿತು.

ಚಿಕ್ಕಮ್ಮ ಓದು ಮುಗಿಸಿದಳು, ಹೆಸರು ಮಾಡಿದಳು. ಕಳೆದ ವರ್ಷ ಪುತ್ತೂರಿನಲ್ಲಿ ಅವಳ ಚಿತ್ರಗಳ ಪ್ರದರ್ಶನವಿತ್ತು. ಅದೇ ಮಣೆಯಿಂದ ಹೊಸದಾಗಿ ತೆಗೆದ ಹುಂಜವೂ ಗಾಜಿನ ಚೌಕಟ್ಟಿನೊಳಗೆ ಇತ್ತು. ಬಂದವರೆಲ್ಲ ನಿಂತು ನೋಡಿದರು, ಮೊಬೈಲಿನಲ್ಲಿ ಫೋಟೋ ತೆಗೆದರು, "ಕೋಳಿ ಭಾರೀ ಚಂದ ಬಂದಿದೆ ಮೇಡಂ" ಎಂದರು. ಚಿಕ್ಕಮ್ಮ ಎಲ್ಲರಿಗೂ ಕೈಮುಗಿದಳು.

ಸಂಜೆ ದೀಪ ಆರಿಸುವ ಹೊತ್ತಿಗೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು, "ಯಾರ ಮನೆಯ ಹುಂಜ ಅಂತ ಒಬ್ಬರೂ ಕೇಳಲಿಲ್ಲ, ನೋಡು."