ಹಗ್ಗಕ್ಕೆ ನೇತುಬಿದ್ದ ದೊರೆಗೆ ದೊಡ್ಡರಂಗಪ್ಪನ ಹರಕೆ

ಪತ್ರಿಕೆಯ ಚಿತ್ರಕಥೆಯಲ್ಲಿ ಬಿಳಿ ದೊರೆ ನೇತಾಡುತ್ತಿದ್ದ ಹಗ್ಗವನ್ನು ಹುಲಿ ಕಡಿಯತೊಡಗಿದೆ ಎಂದು ಕೇಳಿದ್ದೇ ತಡ, ದೊಡ್ಡರಂಗಪ್ಪ ಕೈಗೆ ಸಿಕ್ಕಿದ್ದನ್ನು ಹಿಡಿದು ಜಗ್ಗಿದ. ಸಿಕ್ಕಿದ್ದು ಕಥೆ ಹೇಳುತ್ತಿದ್ದ ದಿನಸಿ ಅಂಗಡಿ ನಂದೀಶ್ವರಯ್ಯನವರ ಪೇಟದ ಚುಂಗು. ಸಂತೆಯ ದಿನ, ಮಧುಗಿರಿ ಪೇಟೆಯ ನಟ್ಟನಡುವೆ ಪೇಟ ಬಿಚ್ಚಿಕೊಂಡು ಮೆಣಸಿನಕಾಯಿ ಚೀಲದ ಮೇಲೆ ಬಿತ್ತು. ಬೋಳುತಲೆ ಊರಿಗೆಲ್ಲ ದರ್ಶನ ಕೊಟ್ಟಿತು.

"ಲೇ ರಂಗಪ್ಪ, ಹಗ್ಗ ಇರೋದು ಕಾಗದದಾಗೆ ಕಣ್ಲಾ, ನನ್ನ ತಲೆ ಮ್ಯಾಲಲ್ಲ!"

"ತಪ್ಪಾಯ್ತು ಸಾವ್ಕಾರ್ರೇ. ದೊರೆ ಬಿದ್ದೇಹೋದ ಅಂದ್ಕಂಡ್‌ಬುಟ್ಟೆ."

ಸಿರಾ ಕಡೆಯ ಹಟ್ಟಿಯ ಈ ಕುರಿಗಾಹಿ ಚಿರತೆಯನ್ನು ಬರೀ ಕೋಲಿನಿಂದ ಅಟ್ಟಿದವನು. ಆದರೆ ಒಮ್ಮೆ ತಪ್ಪಿಸಿಕೊಂಡ ಮೇಕೆಯ ಹಿಂದೆ ಮಧುಗಿರಿ ಬೆಟ್ಟದ ನುಣುಪು ಬಂಡೆ ಹತ್ತಿ, ಮೇಲೇರಲಾರದೆ ಕೆಳಗಿಳಿಯಲಾರದೆ, ಹೊತ್ತು ಇಳಿಯುವ ತನಕ ಹಲ್ಲಿಯ ಹಾಗೆ ಅಂಟಿಕೊಂಡಿದ್ದ. ನೇತಾಡುವವರನ್ನು ಕಂಡರೆ ಅವನ ಅಂಗೈ ಈಗಲೂ ಬೆವರುತ್ತಿತ್ತು.

ನಂದೀಶ್ವರಯ್ಯನವರಿಗೆ ಇದ್ದಿಲು ಉರಿಸಿ ಓಡುವ ಬಸ್ಸಿನಲ್ಲಿ ಬೆಂಗಳೂರಿನ ಇಂಗ್ಲಿಷ್ ವಾರಪತ್ರಿಕೆ ಬರುತ್ತಿತ್ತು. ದಿನಸಿ ಕಟ್ಟುವ ಪೊಟ್ಟಣವಾಗುವ ಮುಂಚೆ ಅದರ ಚಿತ್ರಕಥೆಗೆ ಅವರ ವ್ಯಾಖ್ಯಾನ ಆಗಲೇಬೇಕು.

"ನೋಡ್ರಪ್ಪಾ, ಮೇಲೆ ಹುಲಿ, ಕೆಳಗೆ ಮೊಸಳೆ. ಆದರೂ ದೊರೆ ಚಡ್ಡಿಯ ಇಸ್ತ್ರಿ ಮುರಿದಿಲ್ಲ! ಯಾವ ಊರ ಅಗಸನೋ!"

ಯಾರೂ ನಗಲಿಲ್ಲ. ಉಸಿರು ಬಿಗಿಹಿಡಿದು ನಿಂತಿದ್ದರು. ಅಂಗಡಿಯಲ್ಲಿ ತೂಗುವುದು ನಿಂತಿತ್ತು. ದೊರೆ ಮಾತ್ರ ತೂಗುತ್ತಲೇ ಇದ್ದ. ಆ ವಾರದ ಕಥೆ ಅಲ್ಲಿಗೇ ಮುಗಿಯಿತು.

ದೊಡ್ಡರಂಗಪ್ಪ ಪತ್ರಿಕೆಗೆ ಕೈಮುಗಿದ. "ಈ ಪುಣ್ಯಾತ್ಮ ಉಳ್ಕಂಡ್ರೆ ನಮ್ಮ ಮನೆದ್ಯಾವ್ರಿಗೆ ನನ್ನ ಕೆಂಚನ್ನ ಒಪ್ಪಿಸ್ತೀನಿ!"

ಅಂದಮೇಲೇ ತಾನು ಏನಂದೆನೆಂದು ಅವನಿಗೆ ಹೊಳೆಯಿತು. ಕೆಂಚ ತಾಯಿ ಸತ್ತ ಮರಿ. ಕಂಬಳಿಯೊಳಗೆ ಬೆಚ್ಚಗಿಟ್ಟು, ಮೇಕೆಯ ಹಾಲು ಕುಡಿಸಿ ಬೆಳೆಸಿದ ಟಗರು. ಆಡಿದ ಹರಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದೆಂದರೆ ಹಟ್ಟಿಯಲ್ಲಿ ತಲೆಯೆತ್ತುವ ಹಾಗಿಲ್ಲ. ಅದೂ ಅಲ್ಲದೆ, ಮಾತು ಕೇಳಿಸಿಕೊಂಡಿದ್ದವನು ಅವನ ಹೆಂಡತಿಯ ತಮ್ಮ ಕ್ಯಾತಪ್ಪ. ಅವನಿಗೋ ಬಾಡಿನ ಊಟವೆಂದರೆ ಪ್ರಾಣ. ವಾರವೆಲ್ಲ ಕೆಂಚ ಬಂದು ಕೈ ನೆಕ್ಕಿದಾಗ ದೊಡ್ಡರಂಗಪ್ಪ ಬೇರೆ ಕಡೆ ನೋಡುತ್ತಿದ್ದ. ದೊರೆ ಸಾಯಲಿ ಅನ್ನುವುದಕ್ಕೂ ಬಾಯಿ ಬರಲಿಲ್ಲ.

ಮುಂದಿನ ಸಂತೆಗೆ ಬಸ್ಸು ಬಂತು. ಪತ್ರಿಕೆ ಬಿಚ್ಚುತ್ತಲೇ ನಂದೀಶ್ವರಯ್ಯನವರ ದನಿ ತಾನಾಗಿ ತಗ್ಗಿತು.

"ಹಗ್ಗ ಕಿತ್ತೋಯ್ತು... ಹುಲೀನೂ ಜೊತೆಗೇ ಉರುಳ್ತು... ಅಯ್ಯಯ್ಯೋ, ಗಾಳಿಯಲ್ಲೇ ಹುಲಿ ಬೆನ್ನೇರಿ ಕೂತವ್ನೆ! ಮೊಸಳೆ ಬಾಯಿಗೆ ಹುಲಿ... ದೊರೆ ಅಲ್ಲಿಂದ ನೆಗೆದು ದೋಣಿಗೆ!"

"ಅಬ್ಬಬ್ಬಾ!" ಎಂದಿತು ಸಂತೆ. ದೊಡ್ಡರಂಗಪ್ಪನ ಕಣ್ಣು ತುಂಬಿ ಬಂತು. ಪತ್ರಿಕೆಯನ್ನು ಇಸಿದುಕೊಂಡು ಕಣ್ಣಿಗೊತ್ತಿಕೊಂಡ. ಮನುಷ್ಯನೆಂದರೆ ಇವನಪ್ಪಾ!

ಕ್ಯಾತಪ್ಪ ಪಕ್ಕಕ್ಕೆ ಬಂದು ಭುಜ ತಟ್ಟಿದ. "ಬಾವಾ, ದೊರೆ ಉಳ್ಕಂಡ. ಟಗರು ಯಾವತ್ತು? ಅಕ್ಕಂಗೆ ಮಸಾಲೆ ಅರಿಯಾಕೆ ಹೇಳ್ಲಾ?"

ದೊಡ್ಡರಂಗಪ್ಪ ಕಣ್ಣೊರೆಸಿಕೊಂಡು ಕೊನೆಯ ಚಿತ್ರವನ್ನು ಬಹಳ ಹೊತ್ತು ನೋಡಿದ. ಆಮೇಲೆ ಅದರ ಮೇಲೆ ಬೆರಳಿಟ್ಟ.

"ಎಲ್ಲಿ ಉಳ್ಕಂಡವ್ನೆ, ಬುಡ್ಲಾ. ದೋಣಿ ತಳ ನೋಡು, ತೂತೈತೆ."