ಡಬ್ಬಿಗೆ ತಾಗದ ಭಾನುವಾರಗಳು

ಚಿತ್ತವಾಡ್ಗಿಯ ಜಂಬುನಾಥ ಸಂಡೂರಿನ ಗಣಿ ಕಂಪನಿಯೊಂದರಲ್ಲಿ ಅದಿರಿನ ಲಾರಿಗಳನ್ನು ತೂಕ ಮಾಡುತ್ತಲೇ ತಲೆ ನರೆಸಿಕೊಂಡವನು. ನಿವೃತ್ತನಾದ ದಿನ ಕಂಪನಿಯವರು ಶಾಲು, ಹಾರ, ಗೋಡೆ ಗಡಿಯಾರ ಕೊಟ್ಟರು. ರಕ್ತದೊತ್ತಡವನ್ನು ಅವನು ತಾನೇ ಸಂಪಾದಿಸಿಕೊಂಡಿದ್ದ. ಮನೆಯಲ್ಲಿ ಕುಳಿತ ಗಂಡಸು ಏನು ಮಾಡಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಹಾಗಾಗಿ, ತನಗೆ ಒಲೆ ಹಚ್ಚಲು ಬಾರದಿದ್ದರೂ, ಅಡುಗೆಮನೆಯ ಬಾಗಿಲಲ್ಲಿ ನಿಂತು ಬೇಳೆ ಹೆಚ್ಚಾಯಿತು, ಉರಿ ಜೋರಾಯಿತು ಎಂದು ಲಾರಿ ಡ್ರೈವರುಗಳಿಗೆ ಹೇಳುವ ದನಿಯಲ್ಲಿ ಹೆಂಡತಿಗೆ ಹೇಳತೊಡಗಿದ. ಹೆಂಡತಿ ರೇಣುಕಮ್ಮ ಅವನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದಳು.

ಡಾಕ್ಟರು ಉಪ್ಪು ಬಿಡಲು ಹೇಳಿದರು. ಗೆಳೆಯರ ಜೊತೆ ಸೇರಿ ಮನಸ್ಸು ಹಗುರಾಗುವ ಏನನ್ನಾದರೂ ಮಾಡಲು ಹೇಳಿದರು. ಉಪ್ಪಿನ ವಿಷಯ ಅಂದೇ ಸಂಜೆ ಮುಗಿಯಿತು. ರೇಣುಕಮ್ಮ ಉಪ್ಪು ಕಡಿಮೆ ಮಾಡಿದ ಸಾರು ಬಡಿಸಿದಳು, ಜಂಬುನಾಥ ತಾಟು ದೂಡಿ ಎದ್ದ. ಆಮೇಲೆ ಕಾಲುವೆ ದಂಡೆಯ ಮೇಲೆ ವಾಕಿಂಗ್ ಹೋಗಿ ನೋಡಿದ. ರಸ್ತೆಯ ಮೇಲೆ ಹೋಗುವ ಲಾರಿಗಳಲ್ಲಿ ಯಾವುದು ಹೆಚ್ಚು ಲೋಡು ಹೊತ್ತಿದೆ ಎಂದು ಕಣ್ಣಳತೆಯಲ್ಲೇ ತಿಳಿಯುತ್ತಿತ್ತಾದ್ದರಿಂದ ಸಿಟ್ಟು ಇಮ್ಮಡಿಯಾಗಿ ಮನೆಗೆ ಬಂದ. ನಗೆಕೂಟಕ್ಕೆ ಸೇರಿದ. ಕಾರಣವಿಲ್ಲದೆ ನಗಲು ಅವನಿಂದಾಗಲಿಲ್ಲ. ಕೊನೆಗೆ ರೇಣುಕಮ್ಮ ಅವನನ್ನು ತನ್ನ ಭಜನಾ ಮಂಡಳಿಗೆ ಕರೆದೊಯ್ದು ಕೈಗೆ ತಾಳ ಕೊಟ್ಟಳು. ಹೆಂಗಸರೆಲ್ಲ ಒಂದು ಕಡೆ ನಡೆದರೆ ಅವನ ತಾಳ ಇನ್ನೊಂದು ಕಡೆ ನಡೆಯಿತು. ಮಂಡಳಿಯ ಸುಂಕಲಮ್ಮ ಹಾಡು ನಿಲ್ಲಿಸಿ, "ಅಣ್ಣಾರ, ಸುಮ್ನ ಹಿಡ್ಕಂಡು ಕುಂದ್ರಿ, ಬಡೀಬ್ಯಾಡ್ರಿ" ಎಂದಳು. ಆ ಮಾತನ್ನು ಅವನು ಮರೆಯಲಿಲ್ಲ.

ಅವನನ್ನು ತಾಳದಿಂದ ಪಾರು ಮಾಡಿದವನು ಹಳೆಯ ಗೆಳೆಯ ಜಡೆಪ್ಪ. ಕಂಪ್ಲಿಯ ಕಡೆ ಬಾಳೆ, ಭತ್ತ ಬೆಳೆಯುವ ಅನುಕೂಲಸ್ಥ. ಜಾತ್ರೆಗಳಲ್ಲಿ ಬಲೂನು ಹೊಡೆಸುವ ವ್ಯಾಪಾರ ಬಿಟ್ಟವನೊಬ್ಬನಿಂದ ಒಂದು ಏರ್‌ಗನ್ ಕೊಂಡಿದ್ದ. ಗಾದಿಗನೂರಿನ ಆಚೆ ಅವನ ಬೀಗರದೊಂದು ಹಳೆಯ ಕಲ್ಲು ಕ್ವಾರಿ ಪಾಳು ಬಿದ್ದಿತ್ತು. ಮೂರು ಕಡೆ ಬಂಡೆ, ಜನಸಂಚಾರವಿಲ್ಲ. ಅಲ್ಲಿ ಎರಡು ಕಲ್ಲುಗಳ ಮೇಲೆ ಒಂದು ಎಣ್ಣೆ ಡಬ್ಬಿ ಇಟ್ಟರು, ಅದರ ಮೇಲೆ ದೊಡ್ಡದೊಂದು ಸೂರ್ಯಕಾಂತಿ ಹೂವಿನ ಚಿತ್ರ. ಮೂರನೆಯವರಾಗಿ ವ್ಯಾಸರಾಜರು ಸೇರಿಕೊಂಡರು. ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದವರು, ಮನೆಯಲ್ಲಿ ಈರುಳ್ಳಿಯನ್ನೂ ಒಳಗೆ ಬಿಡದ ವೈಷ್ಣವರು, ಭಾನುವಾರ ಗಾದಿಗನೂರಿನಲ್ಲಿ ಏನು ಮಾಡುತ್ತಾರೆಂದು ಮನೆಯವರಿಗೆ ಹೇಳದವರು.

ರೇಣುಕಮ್ಮ ಒಂದು ಷರತ್ತು ಹಾಕಿದಳು. ಪ್ರತಿ ಭಾನುವಾರ ಬಂದ ಕೂಡಲೇ ಬಿ.ಪಿ. ಮಷೀನಿಗೆ ಕೈ ಒಡ್ಡಬೇಕು. ಅಂಕಿ ಇಳಿದಿದ್ದರೆ ಬಂದೂಕು, ಏರಿದರೆ ಭಜನಾ ಮಂಡಳಿ.

ನಮ್ಮ ಕಡೆ ಒಂದು ರೂಢಿಯಿದೆ. ಯಾರಿಗೆ ಒಳ್ಳೆಯದಾಯಿತೋ ಅವರು ಉಳಿದವರಿಗೆ ತಿನ್ನಿಸಬೇಕು. ಗಾಡಿ ಕೊಂಡವನು ತಿನ್ನಿಸಬೇಕು, ಮಗಳ ಮದುವೆ ಗೊತ್ತು ಮಾಡಿದವನು ತಿನ್ನಿಸಬೇಕು, ಆಸ್ಪತ್ರೆಯಿಂದ ಬದುಕಿ ಬಂದವನನ್ನೂ ಬಿಡುವುದಿಲ್ಲ. ತಿನ್ನಿಸುವುದನ್ನು ಬೇಡ ಎನ್ನುವುದು ದೊಡ್ಡ ಅವಮಾನ. ಹೀಗಾಗಿ ಮೊದಲ ಭಾನುವಾರ ಜಡೆಪ್ಪನ ಗುಂಡು ಡಬ್ಬಿಯ ಅಂಚಿಗೆ ತಾಗಿದಾಗ ಉಳಿದಿಬ್ಬರು ಅವನನ್ನು ರಸ್ತೆ ಬದಿಯ ಅಂಗಡಿಗೆ ಎಳೆದುಕೊಂಡು ಹೋಗಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿಂದರು. ಮುಂದಿನ ಭಾನುವಾರ ಯಾರ ಗುಂಡೂ ತಾಗಲಿಲ್ಲ. ಅದರ ಮುಂದಿನ ಭಾನುವಾರವೂ ತಾಗಲಿಲ್ಲ.

ಮೂವರಲ್ಲಿ ಯಾರೂ ಜಿಪುಣರಲ್ಲ. ಜಡೆಪ್ಪ ಇಬ್ಬರ ಮನೆಗೂ ಬಾಳೆಗೊನೆ ಕಳಿಸುತ್ತಿದ್ದ. ಆದರೆ ಸಿಕ್ಕಿಬಿದ್ದು ತಿನ್ನಿಸುವುದು ಸೋಲು ಎಂದು ಮೂವರೂ ಒಳಗೊಳಗೇ ತೀರ್ಮಾನಿಸಿದ್ದರು. ವರ್ಷಗಳು ಕಳೆದಂತೆ ತಾಗಿಸದಿರುವುದೇ ವಿದ್ಯೆಯಾಯಿತು. ಎತ್ತಲೋ ಹೊಡೆದು ತಪ್ಪಿಸಿದರೆ ಮರ್ಯಾದೆಯಿಲ್ಲ. ಗುಂಡು ಡಬ್ಬಿಯ ಪಕ್ಕದಲ್ಲೇ, ಕೂದಲೆಳೆಯ ಅಂತರದಲ್ಲಿ ಹೋಗಬೇಕು. ವ್ಯಾಸರಾಜರು ಎಡಕ್ಕೆ ತಪ್ಪಿಸುವುದರಲ್ಲಿ ಪಳಗಿದರು. ಜಡೆಪ್ಪನದು ಮೇಲಿನಿಂದ. ಜಂಬುನಾಥನ ಗುಂಡು ಡಬ್ಬಿಯ ಕೆಳಗೆ, ಎರಡು ಕಲ್ಲುಗಳ ನಡುವಿನ ಸಂದಿಯಲ್ಲಿ ತೂರಿ ಹಿಂದಿನ ಮರಳು ಚೀಲಕ್ಕೆ ಬೀಳುತ್ತಿತ್ತು. ಆಗ ಇಬ್ಬರೂ ಹೋಗಿ ಬಗ್ಗಿ ಸಂದಿಯನ್ನು ನೋಡಿ ಬರುತ್ತಿದ್ದರು. ಬಳಿಕ ಜಡೆಪ್ಪ, "ಲೇ ಜಂಬಣ್ಣ, ಕೈ ಅಲ್ಲಲೇ ಅದು" ಎನ್ನುತ್ತಿದ್ದ.

ಆಯುಧಪೂಜೆಗೆ ಬಂದೂಕಿಗೂ ಡಬ್ಬಿಗೂ ಕುಂಕುಮ ಹಚ್ಚುತ್ತಿದ್ದರು. ಡಬ್ಬಿಯ ಸೂರ್ಯಕಾಂತಿಗೆ ಒಂದು ಗೀರೂ ಬಿದ್ದಿರಲಿಲ್ಲ. ಯಾರ ಗುಂಡೂ ತಾಗದ್ದರಿಂದ ಯಾರೂ ತಿನ್ನುತ್ತಿರಲಿಲ್ಲ. ಮೂವರೂ ಹಸಿದ ಹೊಟ್ಟೆಯಲ್ಲಿ, ಹಗುರ ಮನಸ್ಸಿನಲ್ಲಿ ಮನೆಗೆ ಬರುತ್ತಿದ್ದರು. ಜಂಬುನಾಥನ ಅಂಕಿ ಇಳಿದಿತ್ತು.

ಹೀಗಿರುವಾಗ ಭಾರ್ಗವ್ ಬಂದ. ವ್ಯಾಸರಾಜರ ಸೋದರತ್ತೆಯ ಮೊಮ್ಮಗ, ಸಂಡೂರಿನ ಗಣಿಯೊಂದಕ್ಕೆ ಅಧಿಕಾರಿಯಾಗಿ ಹೊಸದಾಗಿ ಬಂದವನು, ಕ್ವಾರ್ಟರ್ಸಿನಲ್ಲಿ ಒಬ್ಬನೇ ಇದ್ದು ಮೆಸ್ಸಿನಲ್ಲಿ ಉಣ್ಣುವವನು. ಭಾನುವಾರ ಬೇಜಾರು ಎಂದನಂತೆ. ಕಾಲೇಜಿನಲ್ಲಿ ಶೂಟಿಂಗಿಗೆ ಪದಕ ಪಡೆದಿದ್ದ ಸಂಗತಿಯನ್ನು ವ್ಯಾಸರಾಜರು ಯಾರಿಗೂ ಹೇಳಿರಲಿಲ್ಲ.

ಅವನು ಬಂದೂಕು ಎತ್ತಿದ. ಠಣ್ ಎಂದಿತು.

ಮೂವರೂ ಬೆಚ್ಚಿದರು. ಆ ಸದ್ದು ಕೇಳಿ ಎಷ್ಟೋ ವರ್ಷಗಳಾಗಿದ್ದವು.

"ಇರ್ಲಿ ಬಿಡಪಾ," ಎಂದರು ವ್ಯಾಸರಾಜರು. "ಮೊದಲನೇ ಸಲ, ಹಿಂಗ ಆಗ್ತದ."

ಭಾರ್ಗವ್ ಇದನ್ನು ಮೆಚ್ಚುಗೆಯೆಂದು ತಿಳಿದು ಮತ್ತೆ ಮತ್ತೆ ಹೊಡೆದ. ಸೂರ್ಯಕಾಂತಿ ಜರಡಿಯಾಯಿತು. ರೂಢಿಯನ್ನು ಹೇಳಿದಾಗ ಅವನ ಮುಖ ಅರಳಿತು. "ಅಷ್ಟೇ ಏನ್ ಅಂಕಲ್? ಬರ್ರಿ, ಎಷ್ಟ್ ಬೇಕು ತಿನ್ರಿ!" ಪ್ರತಿ ಭಾನುವಾರ ಹೊಡೆದ, ಪ್ರತಿ ಭಾನುವಾರ ಸಂತೋಷದಿಂದ ತಿನ್ನಿಸಿದ. ಬೇಡ ಎನ್ನುವಂತಿರಲಿಲ್ಲ. ಮಿರ್ಚಿಯ ಮೇಲೆ ಮಿರ್ಚಿ, ಅದರ ಮೇಲೆ ಉಪ್ಪು ಸವರಿದ ಹಸಿಮೆಣಸಿನಕಾಯಿ.

ಮಷೀನಿನ ಅಂಕಿ ಏರಿತು. ರೇಣುಕಮ್ಮ ಗಂಡನ ಅಂಗಿಯನ್ನು ಮೂಸಿ ನೋಡಿದಳು.

"ಬಂದೂಕಿನ್ಯಾಗ ಬಜ್ಜಿ ಎಣ್ಣಿ ಹಾಕ್ತೀರೇನ್ರಿ?"

"ಇಲ್ಲ, ಅದು..."

"ಏನೂ ಹೇಳಬ್ಯಾಡ್ರಿ. ಮೂರು ವಾರ ನೋಡ್ತೀನಿ. ಇಳೀಲಿಲ್ಲ ಅಂದ್ರ ಬಂದೂಕು ಬಂದ್. ಸುಂಕಲಮ್ಮ ಕೇಳ್ತಿದ್ಲು, ಅಣ್ಣಾರು ಯಾವಾಗ ಬರ್ತಾರ ಅಂತ."

ಮರುವಾರ ಮೂವರೂ ಸೇರಿ ಭಾರ್ಗವನಿಗೆ ತಪ್ಪಿಸುವುದನ್ನು ಕಲಿಸಲು ಕೂತರು.

"ಮಾಮಾ, ತಪ್ಪಿಸೋದಕ್ಕ ಕಲೀಬೇಕ್ಯಾಕ?" ಎಂದು ಅವನು ವ್ಯಾಸರಾಜರನ್ನು ಕೇಳಿದ. ಆಕಾಶಕ್ಕೆ ಒಂದು ಗುಂಡು ಹಾರಿಸಿ, "ಇದು ತಪ್ಪಿತಲ್ಲ?" ಎಂದ.

ಜಡೆಪ್ಪನಿಗೆ ಸಿಟ್ಟು ಬಂತು. "ಅದಕ್ಕ ತಪ್ಪಸೋದು ಅಂತಾರೇನ್ರಿ? ಅದು ಗುಂಡು ಚೆಲ್ಲೋದು. ಡಬ್ಬಿಗೆ ಗಾಳಿ ಬಡೀಬೇಕ್ರಿ, ಗುಂಡು ಬಡೀಬಾರ್ದು!"

ಭಾರ್ಗವ್ ಮನಸ್ಸಿಟ್ಟು ಡಬ್ಬಿಯ ಪಕ್ಕಕ್ಕೆ ಗುರಿಯಿಟ್ಟ. ಠಣ್. ಎಡಗೈಯಲ್ಲಿ ಹೊಡೆದ. ಠಣ್. ವ್ಯಾಸರಾಜರ ಕನ್ನಡಕ ಹಾಕಿಕೊಂಡು ಹೊಡೆದ. ಠಣ್. ಅಭ್ಯಾಸ ಬಲವಾಗಿತ್ತು, ಕಣ್ಣು ಎಲ್ಲಿಗೆ ನೋಡಿದರೂ ಕೈ ಡಬ್ಬಿಗೇ ಹೋಗುತ್ತಿತ್ತು. ಅವನೇ ನಾಚಿಕೊಂಡು, "ಸಾರಿ ಅಂಕಲ್, ಆಗವಲ್ದು" ಎಂದ. ನಾಲ್ವರೂ ತಲೆ ತಗ್ಗಿಸಿಕೊಂಡು ಮಿರ್ಚಿ ತಿನ್ನಲು ಹೋದರು.

ಮಿರ್ಚಿಯ ತಟ್ಟೆಯ ಮುಂದೆ ಜಂಬುನಾಥನಿಗೆ ಉಪಾಯ ಹೊಳೆಯಿತು. ರೂಢಿಯನ್ನೇ ಬಿಗಿ ಮಾಡಬೇಕು.

"ಇಲ್ಲಿ ಕೇಳ್ರಿ," ಎಂದ. "ಅಂಗಡ್ಯಾಗ ತಿನ್ನಸೋದು ತಿನ್ನಸೋದಲ್ಲ. ಇನ್ಮ್ಯಾಗ ಯಾರು ಹೊಡೀತಾರೋ ಅವ್ರು ಸ್ವಂತ ಕೈಲೇ ಅಡಿಗಿ ಮಾಡಿ ಮುಂದಿನ ವಾರ ತರ್ಬೇಕು. ಮಾಡ್ದೋರೂ ಜೊತಿಗೆ ಕುಂತು ತಿನ್ಬೇಕು. ಇವತ್ತಿನ ಹೊಡ್ತಕ್ಕೂ ಇದ ಲೆಕ್ಕ. ಈ ಮಿರ್ಚಿ ನಡ್ಯಂಗಿಲ್ಲ."

"ಒಪ್ಪಿದೆ," ಎಂದ ಜಡೆಪ್ಪ ಬಾಯಿ ತುಂಬ ಮಿರ್ಚಿ ಇಟ್ಟುಕೊಂಡು.

ಭಾರ್ಗವ್ ಮರು ಭಾನುವಾರ ಸ್ಟೀಲ್ ಡಬ್ಬಿಯಲ್ಲಿ ಉಪ್ಪಿಟ್ಟು ತಂದ. ಜೀವಮಾನದಲ್ಲಿ ಮೊದಲ ಸಲ ಒಲೆ ಮುಟ್ಟಿದ್ದ. ರವೆ ಹುರಿದಿರಲಿಲ್ಲ. ಸಾಸಿವೆ ಸಿಡಿಯುತ್ತದೆಂದು ಹೆದರಿ ಒಗ್ಗರಣೆ ಹಾಕಿರಲಿಲ್ಲ. ಉಪ್ಪನ್ನು ಮರೆತಿದ್ದ. ಮುಚ್ಚಳ ತೆಗೆದು ಬೋರಲು ಹಾಕಿದಾಗ ಉಪ್ಪಿಟ್ಟು ಡಬ್ಬಿಯ ಆಕಾರದಲ್ಲೇ ಹೊರಬಂದು ಬಂಡೆಯ ಮೇಲೆ ನಿಂತಿತು. ಜಡೆಪ್ಪ ಬಾಳೆಗೊನೆ ಕಡಿಯುವ ಕುಡುಗೋಲು ತಂದು ನಾಲ್ಕು ಪಾಲು ಮಾಡಿದ. ವ್ಯಾಸರಾಜರು ಕಣ್ಣು ಮುಚ್ಚಿ, ತೀರ್ಥ ತೆಗೆದುಕೊಳ್ಳುವವರಂತೆ ನುಂಗಿದರು. ಜಂಬುನಾಥ ತನ್ನ ಪಾಲನ್ನು ಪೂರ್ತಿ ತಿಂದ. ಭಾರ್ಗವ್ ಎರಡು ತುತ್ತು ತಿಂದು ಬಹಳ ಹೊತ್ತು ದೂರದ ಗುಡ್ಡ ನೋಡುತ್ತ ಕುಳಿತ.

ಆಮೇಲೆ ಅವನು ಎದ್ದು ಬಂದೂಕು ತೆಗೆದುಕೊಂಡ. ಸದ್ದಾಗಲಿಲ್ಲ. ಗುಂಡು ಎರಡು ಕಲ್ಲುಗಳ ನಡುವಿನ ಸಂದಿಯಲ್ಲಿ ತೂರಿ ಮರಳು ಚೀಲಕ್ಕೆ ಹೋಗಿತ್ತು.

ಯಾರೂ ಕಲಿಸಲಾಗದ್ದನ್ನು ಉಪ್ಪಿಟ್ಟು ಕಲಿಸಿತ್ತು. ಜಡೆಪ್ಪ ಅವನನ್ನು ತಬ್ಬಿಕೊಂಡ. ವ್ಯಾಸರಾಜರು ಕನ್ನಡಕ ಒರೆಸಿಕೊಂಡು, "ನಮ್ಮ ಮನೆತನದಾಗ ಇಂಥಾ ಕೈ ಇರ್ಲಿಲ್ಲ" ಎಂದರು. ಜಂಬುನಾಥ ಗೆದ್ದೆನೆಂದುಕೊಂಡು ಮನೆಗೆ ಬಂದು, ತಾನಾಗಿಯೇ ಮಷೀನಿಗೆ ಕೈ ಒಡ್ಡಿದ.

ರೇಣುಕಮ್ಮ ಅಂಕಿ ನೋಡಿದಳು. ಮಷೀನನ್ನು ತನ್ನ ಕೈಗೆ ಕಟ್ಟಿಕೊಂಡು ಪರೀಕ್ಷಿಸಿದಳು. ಮತ್ತೆ ಅವನ ಕೈಗೆ ಕಟ್ಟಿದಳು. ಮಷೀನು ಮನೆಗೆ ಬಂದಾಗಿನಿಂದ ಅಂಕಿ ಇಷ್ಟು ಇಳಿದದ್ದೇ ಇಲ್ಲ.

"ಏನ್ ತಿಂದ್ರಿ ಇವತ್ತು?"

"ಉಪ್ಪಿಟ್ಟು. ಭಾರ್ಗವ್ ಮಾಡಿದ್ದು. ಉಪ್ಪಿಲ್ಲ, ಎಣ್ಣಿಲ್ಲ. ಸಿಮೆಂಟ್ ಇದ್ದಂಗಿತ್ತು."

"ತಿಂದ್ರಿ?"

"ತಿನ್ನದೆ ಏನ್ಮಾಡ್ಲಿ? ಗುರಿ ಹೊಡ್ದು ತಿನ್ನಸಿದ್ದು, ಬ್ಯಾಡ ಅನ್ನಕ್ಕ ಬರಲ್ಲ."

ಹೇಳಿದ ಮೇಲೆ ಅವನಿಗೆ ತಾನು ಏನು ಹೇಳಿದೆನೆಂದು ಹೊಳೆಯಿತು. ಆಗ ತಡವಾಗಿತ್ತು.

"ಹಂಗಾ," ಎಂದಳು ರೇಣುಕಮ್ಮ. "ನಾ ಮಾಡಿದ್ರ ತಾಟು ದೂಡ್ತೀರಿ. ಅಲ್ಲಿ ಸಿಮೆಂಟ್ ತಿಂತೀರಿ. ಅಂದ್ರ ಅಂಕಿ ಇಳಿಸಿದ್ದು ಬಂದೂಕಲ್ಲ, ಉಪ್ಪಿಟ್ಟು. ಮುಂದಿನ ವಾರ ನಾನೂ ಬರ್ತೀನಿ. ಯಾರಾರ ಒಬ್ರು ಡಬ್ಬಿಗೆ ಹೊಡೀಬೇಕು, ಹೊಡ್ದೋರು ಉಪ್ಪಿಲ್ಲದ್ದು ತಿನ್ನಸಬೇಕು. ಹೊಡೀಲಿಲ್ಲ ಅಂದ್ರ ಬಂದೂಕು ಯಾಕ ಬೇಕು? ತಾಳ ಐತಲ್ಲ."

ಹೇಳಿದಂತೆ ಅವಳು ಬಂದಳು. ಕ್ವಾರಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಕೊಡೆ ಬಿಚ್ಚಿ, ಮಡಿಲಲ್ಲಿ ಮಷೀನು ಇಟ್ಟುಕೊಂಡು ಕುಳಿತಳು. ಜಡೆಪ್ಪ ಹೊಡೆದ. ಗುಂಡು ಮೇಲಿನಿಂದ ಹೋಯಿತು. ವ್ಯಾಸರಾಜರು ಹೊಡೆದರು. ಎಡಕ್ಕೆ ಹೋಯಿತು. ಭಾರ್ಗವನ ಗುಂಡು ಕಲ್ಲಿನ ಸಂದಿಯಲ್ಲಿ ಅಚ್ಚುಕಟ್ಟಾಗಿ ತೂರಿತು.

"ಏನಿದು? ಒಬ್ಬರಿಗೂ ಬರಲ್ಲೇನ್ರಿ?" ಎಂದಳು ರೇಣುಕಮ್ಮ. ಅವರ ವಿದ್ಯೆಯನ್ನು ಹೊರಗಿನವರು ನೋಡಿದ್ದು ಅದೇ ಮೊದಲು.

ಜಂಬುನಾಥ ಗೆಳೆಯರನ್ನು ಬಂಡೆಯ ಮರೆಗೆ ಕರೆದ. "ಒಬ್ರು ಹೊಡೀರಪ್ಪ. ಇಲ್ಲಂದ್ರ ನನ್ನ ಭಾನುವಾರ ಹೋತು."

"ನನ್ನಿಂದ ಆಗೂದಿಲ್ಲ ಅಂಕಲ್," ಎಂದ ಭಾರ್ಗವ್. "ಮತ್ತ ಅದನ್ನ ನಾನೂ ತಿನ್ನಬೇಕಲ್ಲ."

"ನಮ್ಮನ್ಯಾಗ ನನ್ನ ಅಡಿಗಿಮನಿ ಹೊಸ್ತಿಲಾ ದಾಟಗೊಡೂದಿಲ್ಲ," ಎಂದರು ವ್ಯಾಸರಾಜರು.

"ನಾ ಮಾಡಿದ್ರ ಉಪ್ಪು ಖಾರ ತಾನ ಬೀಳ್ತೈತಿ, ಜಂಬಣ್ಣ. ಕೈ ಕೇಳಲ್ಲ," ಎಂದ ಜಡೆಪ್ಪ. "ನೀನ ಹೊಡಿ. ರೂಲ್ಸೂ ನಿಂದ, ಹೆಂಡ್ತೀನೂ ನಿನ್ನಾಕಿ."

ಜಂಬುನಾಥ ಬಂದೂಕು ಎತ್ತಿಕೊಂಡ. ಸಂದಿ ಅವನನ್ನು ಕರೆಯುತ್ತಿತ್ತು. ಇಷ್ಟು ವರ್ಷಗಳ ಹೆಸರು ಅದರಲ್ಲಿತ್ತು. ಅವನು ಸುಂಕಲಮ್ಮನನ್ನು ನೆನೆದು, ಬಂದೂಕನ್ನು ಒಂದಿಷ್ಟು ಮೇಲಕ್ಕೆತ್ತಿ, ಸೂರ್ಯಕಾಂತಿಯಲ್ಲಿ ತೂತು ಬೀಳದೆ ಉಳಿದಿದ್ದ ಜಾಗಕ್ಕೆ ಹೊಡೆದ.

ಠಣ್.

ವ್ಯಾಸರಾಜರು ಮುಖ ಆಚೆ ತಿರುಗಿಸಿದರು. ಜಡೆಪ್ಪ ಹೆಗಲ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ರೇಣುಕಮ್ಮ ಒಬ್ಬಳೇ ಚಪ್ಪಾಳೆ ತಟ್ಟಿದಳು.

ಮುಂದಿನ ಭಾನುವಾರ ಬೆಳಗ್ಗೆ ಚಿತ್ತವಾಡ್ಗಿಯ ಮನೆಯಲ್ಲಿ ಜಂಬುನಾಥ ಒಲೆಯ ಮುಂದೆ ನಿಂತಿದ್ದ. ರೇಣುಕಮ್ಮ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ನೀರು ಹೆಚ್ಚಾಯಿತು, ಉರಿ ಜೋರಾಯಿತು ಎಂದು ಹೇಳುತ್ತಿದ್ದಳು. ಗೆಳೆಯರ ಮೇಲಿನ ಕರುಣೆಯಿಂದ, ಅವಳ ಕಣ್ಣು ತಪ್ಪಿಸಿ ಒಂದು ಚಿಟಿಕೆಯಾದರೂ ಹಾಕೋಣವೆಂದು, ಅವನು ಗೂಡಿನಲ್ಲಿದ್ದ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಮುಚ್ಚಿದ. ಮದುವೆಯಾದಾಗಿನಿಂದ ಅದೇ ಮನೆಯಲ್ಲಿ ಉಂಡಿದ್ದರೂ ಅವನಿಗೆ ಜಾಗ ಗೊತ್ತಿರಲಿಲ್ಲ. ಕೊನೆಗೆ ಸೋತು, ಉಪ್ಪು ಎಲ್ಲಿದೆ ಎಂದು ಕೇಳಿದ.

ರೇಣುಕಮ್ಮ ಹೇಳಲಿಲ್ಲ.