ಬಂದದ್ದು ಆಂಬುಲೆನ್ಸೇ ಎಂದು ಕೇಳುವ ಶಬ್ನಾ

ಕಕ್ಕಿಂಜೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಂಗಳದಲ್ಲಿ ಹಸೈನಾರ್ ಬಾಡಿಗೆ ಜೀಪಿನ ಗಾಜು ಒರೆಸುತ್ತಿದ್ದಾರೆ. ಒಳಗೆ ಮಗಳು ಶಬ್ನಾ ಲ್ಯಾಪ್‌ಟಾಪ್ ತೆರೆದು ಕೂತಿದ್ದಾರೆ. ಪರದೆಯ ಮೇಲೆ ಹಸಿರು ಗೆರೆಗಳು ಮೂಡುತ್ತಿವೆ, ಪಕ್ಕದ ಚಹಾ ತಣ್ಣಗಾಗಿದೆ.

ಮೂಡುಬಿದಿರೆಯ ಸಣ್ಣ ಕಂಪೆನಿಯೊಂದಕ್ಕೆ ಮನೆಯಿಂದಲೇ ದುಡಿಯುವ ಇವರದು ಯೂನಿಟ್ ಟೆಸ್ಟ್ ಬರೆಯುವ ಕೆಲಸ. ಅಂದರೆ ತಂತ್ರಾಂಶದ ಒಂದೊಂದು ತುಣುಕನ್ನೂ ಬಿಡಿಬಿಡಿಯಾಗಿ ಪರೀಕ್ಷಿಸುವುದು. ತಂತ್ರಾಂಶ ಕಟ್ಟಿದವರಿಗೆ ಶಾಲು, ಹಾರ. ಟೆಸ್ಟ್ ಬರೆದವರನ್ನು ಕೇಳುವವರೇ ಇಲ್ಲ. ದಿನಕ್ಕೆ ನೂರಾರು ಟೆಸ್ಟ್ ಓಡಿಸಬೇಕು, ನಡುವೆ ನೆಟ್ ಕೈಕೊಟ್ಟರೆ ಮತ್ತೆ ಮೊದಲಿಂದ. "ಮಳೆಗಾಲದಲ್ಲಿ ಬಾಪ ಜೀಪಿನಲ್ಲಿ ಮುಂಡಾಜೆಗೆ ಬಿಡ್ತಾರೆ. ಅಲ್ಲಿ ಸಿಗ್ನಲ್ ಉಂಟು" ಎಂದು ನಗುತ್ತಾರೆ.

ಕಳೆದ ವರ್ಷ ಚಾರ್ಮಾಡಿ ತಪ್ಪಲಿನ ಸೇವಾ ಸಂಘವೊಂದಕ್ಕೆ ಇವರ ಕಂಪೆನಿ ತುರ್ತು ಕರೆಯ ಆ್ಯಪ್ ಮಾಡಿತ್ತು. ಸಂಘದಲ್ಲಿ ಆಂಬುಲೆನ್ಸೂ ಇದೆ, ಗುಣವಾದವರನ್ನು ಮನೆಗೆ ಬಿಡುವ ಜೀಪೂ ಇದೆ. ಕರೆ ಬಂದಾಗ ಆ್ಯಪ್ ಏನನ್ನು ಕಳಿಸುತ್ತದೆಂದು ನೋಡುವ ಟೆಸ್ಟನ್ನು ಶಬ್ನಾ ಬರೆದಿದ್ದರು. ಎಲ್ಲವೂ ಹಸಿರಾಗಿತ್ತು, ಅಂದರೆ ಪಾಸ್.

ಆ್ಯಪನ್ನು ಸಂಘಕ್ಕೆ ಹಸ್ತಾಂತರಿಸುವ ದಿನ ಬೆಳಿಗ್ಗೆ ತಂದೆಯ ಫೋನಿನ ಸ್ಪೀಕರಿನಲ್ಲಿ ಯಾರೋ ಗೋಗರೆದರು: "ಬ್ಯಾರಿಗಳೇ, ಅಮ್ಮನಿಗೆ ಉಸಿರು ಕಟ್ತಾ ಉಂಟು. ಗಾಡಿ ತನ್ನಿ ಮಾರಾಯ್ರೆ!" ಇಲ್ಲಿ ಎಲ್ಲರೂ ಕೇಳುವುದು ಹಾಗೆಯೇ, ಗಾಡಿ. ಹಸೈನಾರ್ ಓಡಿದರು. ಜೀಪಿನಲ್ಲಿ ಆಕ್ಸಿಜನ್ ಎಲ್ಲಿಂದ ಬರಬೇಕು? ಆ ತಾಯಿ ಉಳಿದದ್ದು ಪುಣ್ಯ.

ಶಬ್ನಾ ಕೂಡಲೇ ಲ್ಯಾಪ್‌ಟಾಪ್ ತೆರೆದರು. ತನ್ನ ಟೆಸ್ಟ್ ಕೇಳುತ್ತಿದ್ದುದೂ ಅಷ್ಟೇ, 'ಬಂದದ್ದು ಗಾಡಿಯೇ?' ಜೀಪೂ ಗಾಡಿಯೇ, ಆಂಬುಲೆನ್ಸೂ ಗಾಡಿಯೇ. ಅದನ್ನು 'ಬಂದದ್ದು ಆಂಬುಲೆನ್ಸೇ?' ಎಂದು ಬದಲಿಸಿದರು. ಪರದೆ ಕೆಂಪಾಯಿತು. ಆ್ಯಪ್ ರೋಗಿಗೂ ಹತ್ತಿರದ ಜೀಪನ್ನೇ ಕಳಿಸುತ್ತಿತ್ತು!

ಕಂಪೆನಿಯ ಯಜಮಾನ ಶೋಧನ್ ರೇಗಿದರು. "ಸಂಜೆ ಕಾರ್ಯಕ್ರಮ ಉಂಟು. ನಿನ್ನೆವರೆಗೆ ಪಾಸ್ ಆಗ್ತಿತ್ತಲ್ಲ?"

"ಟೆಸ್ಟ್ ತಪ್ಪು ಬರೆದದ್ದು ನಾನೇ ಸರ್. ಕೆಲಸದಿಂದ ತೆಗೆದರೂ ಅಡ್ಡಿಲ್ಲ. ಸರಿ ಮಾಡಿಯೇ ಕೊಡುವ."

ಕಾರ್ಯಕ್ರಮ ಮುಂದೆ ಹೋಯಿತು, ಆ್ಯಪ್ ಸರಿಯಾಯಿತು, ಶಬ್ನಾರ ಕೆಲಸ ಉಳಿಯಿತು. ತನ್ನ ತಪ್ಪನ್ನು ತಾನೇ ಹಿಡಿದು ಎಲ್ಲರೆದುರು ಇಟ್ಟ ಈ ಹೆಣ್ಣುಮಗಳ ಬಗ್ಗೆ ಹೆಮ್ಮೆಪಡದೆ ಇರುವುದು ಹೇಗೆ? ಅವರನ್ನೇ ಕೇಳಿದರೆ, "ಹೆಸರೆಲ್ಲ ಯಾಕೆ? ಕಷ್ಟದಲ್ಲಿದ್ದವರಿಗೆ ಬೇಕಾದದ್ದೇ ಬಂದರೆ ಸಾಕು" ಎನ್ನುತ್ತಾರೆ.

ಅಷ್ಟರಲ್ಲಿ ಅಂಗಳದಲ್ಲಿ ಫೋನು ರಿಂಗಾಗುತ್ತದೆ. ಹಸೈನಾರ್ ಬಂದ ಬಾಡಿಗೆಯನ್ನು ಬಿಟ್ಟುಕೊಡುತ್ತಿದ್ದಾರೆ: "ರೋಗಿಗೆ ನನ್ನ ಜೀಪು ಬೇಡ ಮಾರಾಯ್ರೆ. ಸಂಘದ ಆ್ಯಪಿನಲ್ಲಿ ಕರೆಯಿರಿ. ಆಂಬುಲೆನ್ಸೇ ಬರ್ತದೆ. ನನ್ನ ಮಗಳು ನೋಡಿದ್ದಾಳೆ."